ಹಳೇ ಹಾರ್ಡ್‌ಡಿಸ್ಕ್, ಹೊಸ ಕಂಪ್ಯೂಟರ್: ಫೈಲು ಕಳೆಯದಂತೆ ದಾಟಿಸುವ ಬಗೆ

ನಮ್ಮ ಸೋದರಮಾವನ ಡಿಟಿಪಿ ಅಂಗಡಿಯ ಕಂಪ್ಯೂಟರ್ ಮಳೆಗಾಲದ ಒಂದು ಸಂಜೆ ಆಫ್ ಆಗಿದ್ದು ಮತ್ತೆ ಏಳಲಿಲ್ಲ. ಮದರ್‌ಬೋರ್ಡು ಹೋಗಿತ್ತು. 2012ರಲ್ಲಿ ಕೊಂಡ ಮಷೀನು, ವಿಂಡೋಸ್ 7, 500 ಜಿಬಿ ಹಾರ್ಡ್‌ಡಿಸ್ಕ್. ಅದರೊಳಗೆ ಹನ್ನೆರಡು ವರ್ಷದ ಲಗ್ನಪತ್ರಿಕೆಗಳು, ಗೃಹಪ್ರವೇಶದ ಕಾರ್ಡುಗಳು, ಪಂಚಾಯ್ತಿ ಚುನಾವಣೆಯ ಕರಪತ್ರಗಳು, ಜಾತ್ರೆ ಬ್ಯಾನರುಗಳು. ಹೊಸ ಕಂಪ್ಯೂಟರ್ ಬಂದ ದಿನ ಮಾವ ಕೇಳಿದ್ದು ಒಂದೇ ಪ್ರಶ್ನೆ: “ಹಳೇ ಡಿಸ್ಕ್ ಬಿಚ್ಚಿ ಇದಕ್ಕೆ ಹಾಕಿದ್ರೆ ಎಲ್ಲಾ ಮೊದಲಿನ ಹಾಗೇ ಬರುತ್ತೆ ತಾನೇ?”

ಫೈಲುಗಳು ಬರುತ್ತವೆ. ‘ಮೊದಲಿನ ಹಾಗೇ’ ಬರುವುದಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಡಿಸ್ಕನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ. ಹಳೇ ಡಿಸ್ಕ್ ಹೊಸ ಕಂಪ್ಯೂಟರಿಗೆ ದುಡಿಯಲು ಬಂದಿಲ್ಲ. ತನ್ನ ಹತ್ತಿರ ಇರುವುದನ್ನು ಒಪ್ಪಿಸಿ ನಿವೃತ್ತಿಯಾಗಲು ಬಂದಿದೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಲೆಕ್ಕದ ಮೇಲೇ ನಿಂತಿವೆ.

ಹಳೇ ವಿಂಡೋಸಿನಿಂದ ಆನ್ ಮಾಡಲು ಹೋಗಬೇಡಿ

ಹಳೇ ಡಿಸ್ಕಿನಲ್ಲಿರುವ ವಿಂಡೋಸ್ ತನ್ನ ಹಳೇ ಬೋರ್ಡಿನ ಡ್ರೈವರುಗಳಿಗೆ (ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ಪ್ರೋಗ್ರಾಮುಗಳಿಗೆ) ಒಗ್ಗಿಕೊಂಡಿರುತ್ತದೆ. ವಿಂಡೋಸ್ 10 ಆದರೆ ಹೊಸ ಬೋರ್ಡಿನ ಮೇಲೂ ಕೆಲವೊಮ್ಮೆ ಹೇಗೋ ಎದ್ದು ನಿಲ್ಲುತ್ತದೆ. ವಿಂಡೋಸ್ 7 ಆದರೆ ನೀಲಿ ಪರದೆ ಕಾಣುವ ಸಾಧ್ಯತೆಯೇ ಹೆಚ್ಚು. ಎದ್ದರೂ ಯುಎಸ್‌ಬಿ 3.0ಗೆ ಬೇಕಾದ ಡ್ರೈವರು ಅದರಲ್ಲಿಲ್ಲ. ಪಾಸ್‌ವರ್ಡ್ ಕೇಳುವ ಪರದೆ ಬಂದು ನಿಂತಿರುತ್ತದೆ, ಕೀಬೋರ್ಡೂ ಮೌಸೂ ಸತ್ತ ಹಾಗೆ ಬಿದ್ದಿರುತ್ತವೆ.

ಇನ್ನೊಂದು ತೊಡಕು ಬೂಟ್ ಆಗುವ, ಅಂದರೆ ಆನ್ ಮಾಡಿದಾಗ ವಿಂಡೋಸ್ ಏಳುವ ವಿಧಾನದ್ದು. ಹಳೇ ಡಿಸ್ಕುಗಳು ಸಾಮಾನ್ಯವಾಗಿ ಎಂಬಿಆರ್ ಪದ್ಧತಿಯವು, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ ಹಳೇ ಕ್ರಮದಲ್ಲಿರುತ್ತದೆ. ಹೊಸ ಬೋರ್ಡುಗಳು ಯುಇಎಫ್‌ಐ ಎಂಬ ಹೊಸ ಬೂಟ್ ಪದ್ಧತಿಯವು, ಅವು ಕೇಳುವುದು ಹೊಸ ಕ್ರಮದ ಜಿಪಿಟಿ ಡಿಸ್ಕನ್ನು. ಹಳೇ ಪದ್ಧತಿಗೆ ಅವಕಾಶ ಕೊಡುವ ಸಿಎಸ್‌ಎಂ ಆಯ್ಕೆಯನ್ನೇ ಈಗಿನ ಹಲವು ಬೋರ್ಡುಗಳಿಂದ ತೆಗೆದಿದ್ದಾರೆ. ಹಳೇ ಕಂಪ್ಯೂಟರಿನ ಜತೆಗೇ ಬಂದ ಓಇಎಂ ಲೈಸೆನ್ಸ್ ಆಗಿದ್ದರೆ ಅದು ಬೋರ್ಡಿಗೆ ಗಂಟುಬಿದ್ದದ್ದು. ಬೋರ್ಡ್ ಹೋದರೆ ಲೈಸೆನ್ಸೂ ಹೋಯಿತು. ಸಾಲದ್ದಕ್ಕೆ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹೊಸ ಎಸ್‌ಎಸ್‌ಡಿ (ಸುತ್ತುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕು), ಅದರ ಮೇಲೆ ಹೊಸ ವಿಂಡೋಸ್, ಪಕ್ಕದಲ್ಲಿ ಹಳೇ ಡಿಸ್ಕು. ಏರ್ಪಾಡು ಇಷ್ಟೇ.

ಇಲ್ಲೊಂದು ಎಚ್ಚರಿಕೆ. ಹೊಸ ವಿಂಡೋಸ್ ಹಾಕುವಾಗ ಹಳೇ ಡಿಸ್ಕ್ ಜೋಡಿಸಿರಬಾರದು. ಜೋಡಿಸಿದ್ದರೆ ಇನ್‌ಸ್ಟಾಲರ್ ತನ್ನ ಬೂಟ್ ಫೈಲುಗಳನ್ನು ಒಮ್ಮೊಮ್ಮೆ ಹಳೇ ಡಿಸ್ಕಿನಲ್ಲೇ ಇಟ್ಟುಬಿಡುತ್ತದೆ. ಆರು ತಿಂಗಳಾದ ಮೇಲೆ ಹಳೇ ಡಿಸ್ಕ್ ತೆಗೆದಾಗ ಹೊಸ ಕಂಪ್ಯೂಟರ್ ಏಳುವುದಿಲ್ಲ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ‘ತಪ್ಪು ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದೆ’ ಎಂಬ ದುರಂತ ನಡೆಯುವುದೂ ಇದೇ ಹೊತ್ತಿನಲ್ಲಿ.

ಹಳೇ ಮಷೀನು ಇನ್ನೂ ಉಸಿರಾಡುತ್ತಿದ್ದರೆ

ನೀವು ಅದೃಷ್ಟವಂತರು. ಬಿಚ್ಚುವ ಮೊದಲು ಮೂರು ಕೆಲಸ ಮುಗಿಸಿಕೊಳ್ಳಿ.

ಮೊದಲನೆಯದು ಬಿಟ್‌ಲಾಕರ್. ಈಚಿನ ಲ್ಯಾಪ್‌ಟಾಪುಗಳಲ್ಲಿ ನೀವು ಕೇಳದೆಯೇ ಡಿಸ್ಕಿಗೆ ಬೀಗ ಬಿದ್ದಿರುವುದುಂಟು. ಅದೇ ಮಷೀನಿನಲ್ಲಿದ್ದಷ್ಟು ದಿನ ಬೀಗ ಇರುವುದೇ ಗೊತ್ತಾಗುವುದಿಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಎಷ್ಟು ದೊಡ್ಡ ಎಂಜಿನಿಯರೂ ಏನೂ ಮಾಡಲಾರ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಬಿಟ್‌ಲಾಕರನ್ನೇ ಆಫ್ ಮಾಡಿ ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ.

ಎರಡನೆಯದು ಆರೋಗ್ಯ ತಪಾಸಣೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮು ಹಾಕಿ ನೋಡಿ. ನೀಲಿ ಇದ್ದರೆ ಸರಿ, ಹಳದಿ ಎಂದರೆ ಅವಸರ ಮಾಡಿ, ಕೆಂಪು ಎಂದರೆ ಇವತ್ತೇ. ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. ಅವು ಕೆಟ್ಟ ಸೆಕ್ಟರುಗಳ, ಅಂದರೆ ಡಿಸ್ಕಿನಲ್ಲಿ ಹಾಳಾದ ಪುಟ್ಟ ಜಾಗಗಳ ಲೆಕ್ಕ. ಸಿ7 ಏರಿದ್ದರೆ ಹೆಚ್ಚಾಗಿ ತಪ್ಪು ಕೇಬಲಿನದು, ಡಿಸ್ಕಿನದಲ್ಲ. ಎಷ್ಟು ಗಂಟೆ ಓಡಿದೆ ಎಂಬುದೂ ಅಲ್ಲೇ ಇರುತ್ತದೆ. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದರೂ ಮಾವನ ಡಿಸ್ಕು ಹನ್ನೆರಡು ವರ್ಷದಲ್ಲಿ 36,000 ಗಂಟೆ ಸುತ್ತಿರಬೇಕು. ಪಾಪ, ಅದಕ್ಕೊಂದು ಸನ್ಮಾನ ಆಗಬೇಕಿತ್ತು.

ಮೂರನೆಯದು, ಸರಿಯಾದ ಶಟ್‌ಡೌನ್. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದೊಂದಿದೆ. ಅದಿದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಕಿತ್ತ ಡಿಸ್ಕು ಬೇರೆ ಕಡೆ ತಕರಾರು ತೆಗೆಯುತ್ತದೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕೊಡಿ, ಪೂರ್ತಿ ಮುಚ್ಚುತ್ತದೆ.

ನಿಮ್ಮದು ಯಾವ ಜಾತಿಯ ಡಿಸ್ಕು?

ಬೆನ್ನು ತಿರುಗಿಸಿ ನೋಡಿ. ಎರಡು ಸಾಲಿನಲ್ಲಿ ಸೂಜಿಯಂಥ 40 ಪಿನ್ನು, ಅಗಲವಾದ ಪಟ್ಟಿ ಕೇಬಲ್ ಇದ್ದರೆ ಅದು ಐಡಿಇ. 2003ರ ಆಸುಪಾಸಿನಿಂದ ಸಾಟಾ ಬಂತು; ಇಂಗ್ಲಿಷಿನ ಎಲ್ ಆಕಾರದ ಎರಡು ಚಪ್ಪಟೆ ಬಾಯಿ, ಸಣ್ಣದು ಡೇಟಾಕ್ಕೆ, ದೊಡ್ಡದು ಪವರಿಗೆ. ಹೊಸ ಬೋರ್ಡುಗಳಲ್ಲಿ ಐಡಿಇ ಇಲ್ಲವೇ ಇಲ್ಲ, ಅದಕ್ಕೆ ಯುಎಸ್‌ಬಿ ಕನ್ವರ್ಟರೇ ಗತಿ. ಐಡಿಇ ಡಿಸ್ಕಿನ ಹಿಂದೆ ಎರಡು ಪಿನ್ನುಗಳಿಗೆ ಸಿಕ್ಕಿಸುವ ಪುಟ್ಟ ಜಂಪರ್ ಒಂದಿರುತ್ತದೆ. ಕನ್ವರ್ಟರಿಗೆ ಡಿಸ್ಕ್ ಕಾಣದಿದ್ದರೆ ಜಂಪರನ್ನು ಮಾಸ್ಟರ್ ಜಾಗಕ್ಕೆ ಹಾಕಿ ನೋಡಿ; ಎಲ್ಲಿ ಹಾಕಬೇಕೆಂಬ ಚಿತ್ರ ಡಿಸ್ಕಿನ ಮೇಲಿನ ಲೇಬಲಿನಲ್ಲೇ ಇರುತ್ತದೆ.

ಗಾತ್ರ ಎರಡು: ಡೆಸ್ಕ್‌ಟಾಪಿನ 3.5 ಇಂಚು, ಲ್ಯಾಪ್‌ಟಾಪಿನ 2.5 ಇಂಚು. ಅಂಗಡಿಯಲ್ಲಿ ಎಡವುವುದು ಇಲ್ಲೇ. 2.5 ಇಂಚಿನದಕ್ಕೆ 5 ವೋಲ್ಟ್ ಸಾಕು, ಯುಎಸ್‌ಬಿಯಿಂದಲೇ ಓಡುತ್ತದೆ. 3.5 ಇಂಚಿನದಕ್ಕೆ 12 ವೋಲ್ಟೂ ಬೇಕು, ಅದು ಯುಎಸ್‌ಬಿಯಿಂದ ಬರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ, ನಿಮ್ಮೂರ ಅಂಗಡಿಗೇ ಹೋಗಿ, ‘ಹಾರ್ಡ್‌ಡಿಸ್ಕ್ ಕೇಸಿಂಗ್ ಕೊಡಿ’ ಎಂದರೆ ಕೈಗೆ ಬರುವುದು 2.5ರದ್ದೇ. ಡೆಸ್ಕ್‌ಟಾಪ್ ಡಿಸ್ಕಾದರೆ ‘ಪ್ರತ್ಯೇಕ ಪವರ್ ಅಡಾಪ್ಟರ್ ಇರುವಂಥದ್ದು’ ಎಂದು ಬಾಯಿಬಿಟ್ಟು ಕೇಳಿ.

ಒಳಗೋ ಹೊರಗೋ

ಹೊಸದು ಲ್ಯಾಪ್‌ಟಾಪ್ ಆದರೆ ಯೋಚಿಸುವುದೇ ಬೇಡ, ಹೊರಗಿನಿಂದ ಯುಎಸ್‌ಬಿ. ಡೆಸ್ಕ್‌ಟಾಪ್ ಆದರೆ, ಡಿಸ್ಕು ಐದಾರು ವರ್ಷಕ್ಕಿಂತ ಹಳೆಯದಾಗಿದ್ದರೆ ನನ್ನ ಮತ ಹೊರಗಿನಿಂದಲೇ. ಫೈಲು ತೆಗೆದುಕೊಂಡು ಡಿಸ್ಕನ್ನು ಕಪಾಟಿಗೆ ಸೇರಿಸುವುದಾದರೆ ನಾಲ್ಕು ಸ್ಕ್ರೂ ಬಿಗಿದು ಯಾಕೆ ಬಿಚ್ಚಬೇಕು? ಒಳಗೆ ಹಾಕುವುದರ ಲಾಭ ವೇಗ. ಸಾಟಾದಲ್ಲಿ ಹಳೇ ಡಿಸ್ಕು ಸೆಕೆಂಡಿಗೆ ಸುಮಾರು 100 ಎಂಬಿ ಕೊಟ್ಟೀತು, ಯುಎಸ್‌ಬಿ 2.0 ಕನ್ವರ್ಟರಾದರೆ 30ರ ಆಸುಪಾಸು. 500 ಜಿಬಿಗೆ ಒಂದೂವರೆ ಗಂಟೆ ಎಲ್ಲಿ, ನಾಲ್ಕೂವರೆ ಗಂಟೆ ಎಲ್ಲಿ! ಯುಎಸ್‌ಬಿ 3.0 ಕನ್ವರ್ಟರ್ ತಂದು ನೀಲಿ ಬಾಯಿಯ ಪೋರ್ಟಿಗೆ ಹಾಕಿದರೆ ಈ ಅಂತರವೂ ಉಳಿಯುವುದಿಲ್ಲ.

ಒಳಗೇ ಹಾಕುತ್ತೇನೆ ಎನ್ನುವವರಿಗೆ

1. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ.

2. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಆಮೇಲೆ ಡಿಸ್ಕು ಮುಟ್ಟಿ. ಬೇಸಿಗೆಯ ಒಣ ದಿನಗಳಲ್ಲಿ ಬಾಗಿಲ ಚಿಲಕ ಚುರುಕ್ ಅನ್ನುತ್ತದಲ್ಲ, ಅಷ್ಟೇ ಕಿಡಿ ಡಿಸ್ಕಿನ ಚಿಪ್ಪಿಗೆ ಸಾಕು.

3. ಹಳೇ ಮಷೀನಿನಲ್ಲಿ ಕೇಬಲುಗಳು ಹೇಗಿದ್ದವೋ ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

4. ಸಾಟಾ ಕೇಬಲಿಗೆ ಲೋಹದ ಕ್ಲಿಪ್ ಇದ್ದರೆ ಅದನ್ನು ಒತ್ತಿಕೊಂಡು ನೇರ ಎಳೆಯಿರಿ. ಅತ್ತಿತ್ತ ಅಲ್ಲಾಡಿಸಿದರೆ ಡಿಸ್ಕಿನ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಹನ್ನೆರಡು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗಿರುತ್ತದೆ.

5. 3.5 ಇಂಚಿನ ಡಿಸ್ಕಿಗೆ ದಪ್ಪ ಮರೆಯ (ಥ್ರೆಡ್ಡಿನ) ಸ್ಕ್ರೂ, 2.5ಕ್ಕೆ ಸಣ್ಣ ಮರೆಯದು. ಕೂರದಿದ್ದರೆ ಬಲ ಹಾಕಬೇಡಿ, ಸ್ಕ್ರೂ ಬದಲಿಸಿ. ಡಿಸ್ಕಿನ ಮೇಲೆ ‘ಈ ತೂತು ಮುಚ್ಚಬೇಡಿ’ ಎಂದು ಬರೆದ ಸಣ್ಣ ರಂಧ್ರವಿದ್ದರೆ ಅದು ಉಸಿರಾಟಕ್ಕೆ ಇಟ್ಟದ್ದು, ಟೇಪ್ ಅಂಟಿಸಬೇಡಿ.

6. ಡೇಟಾ ಕೇಬಲನ್ನು ಬೋರ್ಡಿನ ಸಾಟಾ ಪೋರ್ಟಿಗೂ ಪವರ್ ಕೇಬಲನ್ನು ಎಸ್‌ಎಂಪಿಎಸ್‌ನಿಂದಲೂ ಕೊಡಿ.

ಆರನೆಯದರ ಬಗ್ಗೆ ನನ್ನ ಕಥೆ ಹೇಳಲೇಬೇಕು. ಈಗಿನ ಕೆಲವು ಎಸ್‌ಎಂಪಿಎಸ್‌ಗಳು ಮಾಡ್ಯುಲರ್, ಕೇಬಲುಗಳನ್ನು ಪೂರ್ತಿ ಬಿಚ್ಚಿ ಇಡಬಹುದು. ನಾಲ್ಕು ವರ್ಷದ ಹಿಂದೆ ಗೆಳೆಯನೊಬ್ಬನ ಕಂಪ್ಯೂಟರಿಗೆ ಡಿಸ್ಕ್ ಹಾಕುವಾಗ ಪವರ್ ಕೇಬಲ್ ಗಿಡ್ಡವಾಯಿತು. ನನ್ನ ಚೀಲದಲ್ಲಿ ಬೇರೆ ಎಸ್‌ಎಂಪಿಎಸ್‌ನ ಉದ್ದದ ಕೇಬಲ್ ಇತ್ತು, ಸಲೀಸಾಗಿ ಕೂತಿತು. ಆನ್ ಮಾಡಿದೆ. ಸದ್ದೇನೂ ಬರಲಿಲ್ಲ, ಸುಟ್ಟ ವಾಸನೆ ಮಾತ್ರ ಬಂತು. ಡಿಸ್ಕಿನ ಕಡೆಯ ತುದಿ ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದು ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯಲ್ಲೂ ಮಾಡೆಲಿನಿಂದ ಮಾಡೆಲಿಗೆ ಬೇರೆ. ಬಾಯಿ ಹೊಂದಿತು ಎಂದು ನಂಬಿದ್ದು ನನ್ನ ತಪ್ಪು. ಅದೇ ಮಾಡೆಲಿನ ಬೇರೆ ಡಿಸ್ಕ್ ತಂದು ಕೆಳಗಿನ ಹಸಿರು ಬೋರ್ಡು ಬದಲಿಸಿದೆ, ಆಗಲಿಲ್ಲ. ಆಯಾ ಡಿಸ್ಕಿಗೆ ಸೀಮಿತವಾದ ಹೊಂದಾಣಿಕೆಯ ಮಾಹಿತಿ ಆ ಬೋರ್ಡಿನ ಮೇಲಿನ ಚಿಪ್ಪಿನಲ್ಲೇ ಇರುತ್ತದೆ. ಆ ಎಸ್‌ಎಂಪಿಎಸ್‌ನ ಡಬ್ಬದಲ್ಲಿ ಬಂದ ಕೇಬಲ್ ಬಿಟ್ಟು ಬೇರೇನನ್ನೂ ಹಾಕಬೇಡಿ.

ಮೊದಲ ಸಲ ಆನ್ ಮಾಡಿದಾಗ

ಕ್ಯಾಬಿನೆಟ್ ತೆರೆದೇ ಇರಲಿ, ಕಿವಿ ಕೊಡಿ. ನಯವಾದ ಗುಂಯ್ ಸದ್ದು ಬಂದರೆ ನೆಮ್ಮದಿ. ಟಕ್, ಟಕ್, ಟಕ್ ಎಂದು ಲಯವಾಗಿ ಬಡಿದುಕೊಂಡರೆ ತಕ್ಷಣ ಆಫ್ ಮಾಡಿ. ಅದು ಒಳಗಿನ ಓದುವ ಹೆಡ್ಡು ದಾರಿ ಸಿಗದೆ ಒದ್ದಾಡುವ ಸದ್ದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ, ಮೆಲ್ಲಗೆ ತಟ್ಟಿದರೆ ಸರಿಹೋಗುತ್ತದೆ ಎಂಬ ಮಾತೆಲ್ಲ ಕೇಳಬೇಡಿ. ಫೈಲು ಅಷ್ಟು ಮುಖ್ಯವಾದರೆ ಡೇಟಾ ರಿಕವರಿಯವರ ಹತ್ತಿರ ಹೋಗಿ. ಪ್ರತಿ ಸಲ ಆನ್ ಮಾಡಿದಾಗಲೂ ಅವರ ಕೆಲಸ ಕಷ್ಟವಾಗುತ್ತದೆ.

ಸದ್ದು ಸರಿಯಿದ್ದರೆ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪರದೆಗೆ) ಹೋಗಿ, ಬೂಟ್ ಪಟ್ಟಿಯಲ್ಲಿ ಹೊಸ ಎಸ್‌ಎಸ್‌ಡಿ ಮೊದಲಿದೆಯೇ ನೋಡಿ. ಹಳೇ ಡಿಸ್ಕು ಬಯಾಸ್‌ನಲ್ಲೇ ಕಾಣದಿದ್ದರೆ ಬೇರೆ ಸಾಟಾ ಪೋರ್ಟಿಗೆ ಹಾಕಿ. ಹಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೇ ನೇರ ಕೂರುವ ಪಟ್ಟಿಯಂಥದ್ದು) ಕೂತರೆ ಒಂದೆರಡು ಸಾಟಾ ಪೋರ್ಟು ತಾನಾಗಿ ಬಂದ್ ಆಗುತ್ತವೆ. ಯಾವುವು ಎಂಬುದು ಬೋರ್ಡಿನ ಮ್ಯಾನುಯಲ್‌ನಲ್ಲಿದೆ. ಇದು ಗೊತ್ತಿಲ್ಲದೆ ಡಿಸ್ಕ್ ಸತ್ತಿದೆ ಎಂದು ಎಸೆದವರಿದ್ದಾರೆ.

ವಿಂಡೋಸ್ ಏಳುವಾಗ ‘ಡಿಸ್ಕ್ ಪರೀಕ್ಷಿಸುತ್ತೇನೆ’ ಎಂದು ತಾನಾಗಿ ಹೊರಟರೆ ಅದು ಹೇಳುವ ಕೆಲವು ಸೆಕೆಂಡುಗಳೊಳಗೆ ಕೀ ಒತ್ತಿ ತಪ್ಪಿಸಿ. ದುರ್ಬಲ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ಜ್ವರ ಬಂದವನನ್ನು ಗುಡ್ಡ ಹತ್ತಿಸಿದಂತೆ. ಮೊದಲು ಕಾಪಿ, ರಿಪೇರಿ ಆಮೇಲೆ.

ದಿಸ್ ಪಿಸಿಯಲ್ಲಿ ಹಳೇ ಸಿ ಡ್ರೈವು ಈಗ ಇ ಅಥವಾ ಎಫ್ ಎಂಬ ಹೆಸರಲ್ಲಿ ಬಂದಿರುತ್ತದೆ. ವಿಂಡೋಸ್ 7ರ ಡಿಸ್ಕಾದರೆ 100 ಎಂಬಿಯ ‘ಸಿಸ್ಟಮ್ ರಿಸರ್ವ್ಡ್’ ಎಂಬ ಚಿಲ್ಲರೆ ಡ್ರೈವೂ ಕಾಣಬಹುದು, ಅದನ್ನು ಅದರ ಪಾಡಿಗೆ ಬಿಡಿ. ಏನೂ ಕಾಣದಿದ್ದರೆ ಸ್ಟಾರ್ಟ್ ಬಟನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಡಿಸ್ಕು ಆಫ್‌ಲೈನ್ ಎಂದಿದ್ದರೆ ಆನ್‌ಲೈನ್ ಮಾಡಿ, ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ಆದರೆ ‘ಇನಿಷಿಯಲೈಸ್ ಮಾಡಲೇ?’ ಎಂದು ಕೇಳಿದರೂ ಬೇಡ ಎನ್ನಿ, ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದರೂ ಬೇಡ ಎನ್ನಿ. ವಿಂಡೋಸಿಗೆ ಓದಲು ಬಾರದ್ದೆಲ್ಲ ಖಾಲಿ ಎಂದರ್ಥವಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನ ಡಿಸ್ಕಾದರೂ ಹೀಗೇ ಕೇಳುತ್ತದೆ.

ಏನೇನು ಕಾಪಿ ಮಾಡಬೇಕು

ಹಳೇ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನದು ತೆರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಗಾಬರಿ ಬೇಡ, ಹಳೇ ವಿಂಡೋಸಿನ ನೀವು ಬೇರೆ, ಹೊಸ ವಿಂಡೋಸಿನ ನೀವು ಬೇರೆ ಎಂಬುದು ಅದರ ತಿಳುವಳಿಕೆ. ಕಂಟಿನ್ಯೂ ಒತ್ತಿ ಕಾಯಿರಿ, ಫೈಲು ಜಾಸ್ತಿ ಇದ್ದರೆ ಹತ್ತಿಪ್ಪತ್ತು ನಿಮಿಷವೂ ಹಿಡಿದೀತು. ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬುದು ವಿಂಡೋಸ್ 7ರ ಡಿಸ್ಕಿನಲ್ಲಿ ಬರೀ ದಾರಿ ತೋರಿಸುವ ಫಲಕ. ಅದು ತೆರೆಯದಿದ್ದರೆ ಏನೂ ನಷ್ಟವಿಲ್ಲ. ಎಕ್ಸ್‌ಪಿ ಡಿಸ್ಕಾದರೆ ಮಾತ್ರ ನಿಮ್ಮ ಸಾಮಾನೆಲ್ಲ ಅದರೊಳಗೇ ಇರುತ್ತದೆ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಬೇರೆಯವು. ಅಂಗಡಿ ಲೆಕ್ಕದ ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್, ಒಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಿರುತ್ತವೆ. ಅದು ಎಲ್ಲಿದೆ ಎಂದು ಹಳೇ ಮಷೀನು ಬದುಕಿದ್ದಾಗಲೇ ಟ್ಯಾಲಿಯಲ್ಲೇ ನೋಡಿಕೊಳ್ಳಿ. ಔಟ್‌ಲುಕ್ ಬಳಸುತ್ತಿದ್ದರೆ ಮೇಲ್‌ಗಳೆಲ್ಲ ಇರುವ ಪಿಎಸ್‌ಟಿ ಫೈಲು. ಬ್ರೌಸರಿನ ಬುಕ್‌ಮಾರ್ಕು ಅಡಗಿರುವುದು ಆ್ಯಪ್‌ಡೇಟಾ ಎಂಬ ಮರೆಯ ಫೋಲ್ಡರಿನಲ್ಲಿ. ಪ್ರೋಗ್ರಾಮ್ ಫೈಲ್ಸ್ ಕಾಪಿ ಮಾಡಿ ಪ್ರಯೋಜನವಿಲ್ಲ, ಸಾಫ್ಟ್‌ವೇರುಗಳನ್ನು ಹೊಸದಾಗಿಯೇ ಹಾಕಬೇಕು.

ಕನ್ನಡದಲ್ಲಿ ಕೆಲಸ ಮಾಡುವವರು ತಪ್ಪದೆ ಮರೆಯುವುದು ಫಾಂಟು. ಮಾವನ ಹೊಸ ಕಂಪ್ಯೂಟರಿನಲ್ಲಿ ಮೊದಲ ಲಗ್ನಪತ್ರಿಕೆ ತೆರೆದಾಗ ‘ಕನ್ನಡ’ ಎಂಬ ಪದ ಇರಬೇಕಾದಲ್ಲಿ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆಯ ಎ, ಪೌಂಡ್ ಚಿಹ್ನೆ, ಸಣ್ಣ ಕ್ಯು ಕೂತಿದ್ದವು. ಮಾವನ ಮುಖ ಬಿಳುಚಿಕೊಂಡಿತು, ವೈರಸ್ ಅಂದುಕೊಂಡರು. ವೈರಸ್ಸೂ ಅಲ್ಲ, ಡಿಸ್ಕೂ ಕೆಟ್ಟಿಲ್ಲ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಸಂಕೇತವಿರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟ ಏರ್ಪಾಡು. ಫಾಂಟು ಇಲ್ಲದಿದ್ದರೆ ಬತ್ತಲೆ ಇಂಗ್ಲಿಷ್ ಅಕ್ಷರ ಹೊರಬೀಳುತ್ತದೆ.

ಫಾಂಟುಗಳು ಇರುವುದು ಹಳೇ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ. ವಿಂಡೋಸ್ ಆ ಫೋಲ್ಡರನ್ನು ಮಾಮೂಲಿ ಫೋಲ್ಡರಿನ ಹಾಗೆ ತೋರಿಸುವುದಿಲ್ಲ, ಗೊಂದಲವಾಗುತ್ತದೆ. 7-ಜಿಪ್ ಎಂಬ ಉಚಿತ ಪ್ರೋಗ್ರಾಮು ತೆರೆದು ಅದರ ಕಿಟಕಿಯಿಂದ ಅಲ್ಲಿಗೆ ಹೋದರೆ ಫೈಲುಗಳು ಫೈಲುಗಳಾಗಿಯೇ ಕಾಣುತ್ತವೆ. ನುಡಿ ಎಂದು ಶುರುವಾಗುವವು, ಬಿಆರ್‌ಎಚ್ ಎಂದು ಶುರುವಾಗುವವು, ನೀವು ಬಳಸುತ್ತಿದ್ದ ಇತರ ಡಿಟಿಪಿ ಫಾಂಟುಗಳು, ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿಕೊಂಡು, ಒಟ್ಟಿಗೆ ಆಯ್ದು, ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ಫೈಲಿನ ಹೆಸರು ಗುರುತು ಸಿಗದಿದ್ದರೆ ತೆರೆದು ನೋಡಿ. ಡಾಂಗಲ್ (ಲೈಸೆನ್ಸಿಗಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ಹಾಕಿದರಷ್ಟೇ ಓಡುವ ಸಾಫ್ಟ್‌ವೇರ್ ಇದ್ದರೆ ಆ ಡಾಂಗಲ್ಲನ್ನು ಹಳೇ ಕ್ಯಾಬಿನೆಟ್ಟಿನ ಬೆನ್ನಿಂದ ಕಿತ್ತುಕೊಳ್ಳುವುದು ಮರೆಯಬೇಡಿ. ಹಳೇ ಸಿಪಿಯು ಗುಜರಿಗೆ ಹೋದ ಮೇಲೆ ನೆನಪಾಗುವ ವಸ್ತು ಅದು.

ಕಾಪಿ ಮಾಡುವ ರೀತಿ

ಇಡೀ ಡ್ರೈವನ್ನು ಒಂದೇ ಸಲ ಎಳೆದು ಹಾಕಬೇಡಿ. ನಡುವೆ ಒಂದು ಕೆಟ್ಟ ಫೈಲು ಸಿಕ್ಕಿದರೆ ಎಲ್ಲಿಗೆ ನಿಂತಿತೆಂದು ಹುಡುಕುವುದೇ ಕೆಲಸವಾಗುತ್ತದೆ. ಬೇಕೇ ಬೇಕಾದ ಫೋಲ್ಡರು ಮೊದಲು. ಸಿನಿಮಾ, ಹಾಡು ಕೊನೆಗೆ. ಒಂದು ಫೈಲಿನಲ್ಲಿ ಸಿಕ್ಕಿಕೊಂಡರೆ ಸ್ಕಿಪ್ ಕೊಟ್ಟು ಮುಂದೆ ಹೋಗಿ, ಅದರ ಹೆಸರು ಬರೆದುಕೊಳ್ಳಿ. ಹೀಗೆ ಸಿಕ್ಕಿಕೊಳ್ಳುವುದು ಹೆಚ್ಚಾದರೆ, ಸಿ5 ಏರುತ್ತಿದ್ದರೆ, ಎಕ್ಸ್‌ಪ್ಲೋರರ್ ಬಿಟ್ಟು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮು ಬಳಸಿ. ಅದು ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ತೆಗೆದು, ಕೆಟ್ಟ ಜಾಗಕ್ಕೆ ಆಮೇಲೆ ಕೈಹಾಕುತ್ತದೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ತಿರುಗಾಮುರುಗಾ ಕೊಟ್ಟರೆ ಮಾತ್ರ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರೆದುಕೊಳ್ಳುತ್ತದೆ. ಕೈ ಪಳಗದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸ್ಲೀಪ್ ಆಫ್ ಮಾಡಿ. ಯುಪಿಎಸ್ ಇರಲಿ, ಇಲ್ಲದಿದ್ದರೆ ಲೋಡ್‌ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿ ಶುರು ಮಾಡಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ, ಬೈಟುಗಳ ಲೆಕ್ಕ ತಾಳೆ ನೋಡಿ. ಅಷ್ಟಕ್ಕೇ ನಂಬಬೇಡಿ, ಹತ್ತಾರು ಫೈಲುಗಳನ್ನು ಅಲ್ಲಲ್ಲಿ ತೆರೆದು ನೋಡಿ.

ಹಳೇ ಡಿಸ್ಕನ್ನು ಕೂಡಲೇ ಅಳಿಸಬೇಡಿ. ಎರಡು ಮೂರು ತಿಂಗಳು ಕೇಬಲ್ ಕಿತ್ತು, ಆ್ಯಂಟಿಸ್ಟಾಟಿಕ್ ಕವರಿನಲ್ಲಿ ಒಂದು ಸಿಲಿಕಾ ಪೊಟ್ಟಣದ ಜತೆ ಇಡಿ, ಮೇಲೆ ತಾರೀಖು ಬರೆಯಿರಿ. ಆಮೇಲೂ ಮಾರುವುದಾದರೆ ಅಥವಾ ಯಾರಿಗಾದರೂ ಕೊಡುವುದಾದರೆ ‘ಕ್ವಿಕ್’ ಟಿಕ್ ತೆಗೆದು ಪೂರ್ಣ ಫಾರ್ಮ್ಯಾಟ್ ಹೊಡೆಯಿರಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಆ ಪಾರ್ಟಿಷನ್ನಿನ ತುಂಬ ಸೊನ್ನೆ ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟ್ ಬರೀ ಪರಿವಿಡಿ ಹರಿಯುತ್ತದೆ, ಪುಟಗಳು ಹಾಗೇ ಉಳಿದಿರುತ್ತವೆ.

ಮಾವನ ಡಿಸ್ಕಿನಲ್ಲಿ ಒಟ್ಟು ಹನ್ನೊಂದು ಫೈಲು ಹೋದವು, ಹನ್ನೊಂದೂ ಸಿನಿಮಾ ಹಾಡು. ಫಾಂಟು ಹಾಕಿ ಮತ್ತೆ ಆ ಲಗ್ನಪತ್ರಿಕೆ ತೆರೆದಾಗ ಗಣಪತಿ ಶ್ಲೋಕದಿಂದ ಹಿಡಿದು ‘ಉಡುಗೊರೆಗಳಿಗಿಂತ ನಿಮ್ಮ ಆಶೀರ್ವಾದವೇ ಮುಖ್ಯ’ದವರೆಗೆ ಎಲ್ಲ ಅಚ್ಚುಕಟ್ಟಾಗಿ ಕೂತಿತ್ತು. ಮಾವ ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. “ಇದರಲ್ಲಿ ವಧುವಿನ ತಂದೆ ಹೆಸರಿಗೆ ದೀರ್ಘ ಬಿಟ್ಟುಹೋಗಿದೆ,” ಅಂದರು. 2014ರ ಮದುವೆ ಅದು.